ಮಂದಾರಿಕೆಯ ಹಕಾರ

ಆಷಾಢದಲ್ಲಿ ಮದುವೆಗಳಿಲ್ಲ. ಹಾಗಾಗಿ ಅಮೃತಹಳ್ಳಿಯ ಆ ಛತ್ರದ ಊಟದ ಮನೆ ಆ ಒಂದು ತಿಂಗಳು ಮುನಿನಾರಾಯಣಪ್ಪನವರ ಪಾಲು. ಉದ್ದನೆಯ ಟೇಬಲ್ಲುಗಳನ್ನು ಗೋಡೆಗೆ ಒರಗಿಸಿ, ನಡುವೆ ಉಳಿದ ಜಾಗದಲ್ಲಿ ಅವರು ಅರಮನೆ ಕಟ್ಟುತ್ತಿದ್ದರು. ಸಾರಿನ ಒಗ್ಗರಣೆಯ ವಾಸನೆ ಗೋಡೆಗೇ ಹತ್ತಿಕೊಂಡಿದೆ, ರಾಜಗಾಂಭೀರ್ಯ ಬರುವುದು ಹೇಗೆ ಎಂದು ಯಾರಾದರೂ ಗೊಣಗಿದರೆ, "ಅರಮನೇಲೂ ಅಡುಗೆಮನೆ ಇತ್ತು ಕಣ್ರೀ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅವರಿಗೆ ಅರವತ್ತೊಂದು ವರ್ಷ. ಹುಟ್ಟಿದ್ದು ಕೋಗಿಲಿನಲ್ಲಿ, ಅದು ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ. ಮೂವತ್ತೈದು ವರ್ಷಗಳಿಂದ ನಾಟಕ ಮಾಡಿಸುತ್ತಾ ಬಂದವರು, ಅದೂ ಬರೀ ಹಳೆಯ ನಾಟಕಗಳನ್ನು. ರಾಜ, ರಾಣಿ, ಶಾಪ, ವಿಯೋಗ, ಕೊನೆಗೊಂದು ಪುನರ್ಮಿಲನ. ಇಂಥದ್ದಕ್ಕೆ ಇವತ್ತಿನ ಜನರನ್ನು ಕೂರಿಸುವುದು ಹೇಗೆಂಬ ಚಿಂತೆ ಊರಿನ ಎಲ್ಲ ನಿರ್ದೇಶಕರಿಗೂ ಇತ್ತು. ಒಬ್ಬರು ರಾಜನಿಗೆ ಸೂಟು ಹೊಲಿಸಿದರು. ಇನ್ನೊಬ್ಬರು ಹಿಂದೆ ದೊಡ್ಡ ಪರದೆ ಕಟ್ಟಿ ವಿಡಿಯೋ ಬಿಟ್ಟರು. ಮತ್ತೊಬ್ಬರು ರಾಣಿಯ ಕೈಗೆ ಮೊಬೈಲ್ ಕೊಟ್ಟು ಪತ್ರದ ಬದಲು ಮೆಸೇಜು ಕಳಿಸಿದರು. ಮುನಿನಾರಾಯಣಪ್ಪನವರು ಎಲ್ಲಕ್ಕೂ ಹೋಗಿ, ಎಲ್ಲರ ಬೆನ್ನೂ ತಟ್ಟಿ, ಮನೆಗೆ ಬಂದು ತಮ್ಮ ದಾರಿಯನ್ನೇ ಹಿಡಿದರು.

ಅವರ ದಾರಿ ಕಾಲಿನದು. ತಾಲೀಮು ಅರ್ಧ ಮುಗಿದಾಗ ಅವರು ಬೀದಿಗೆ ಹೋಗಿ ಸಿಕ್ಕಸಿಕ್ಕವರನ್ನು ಕರೆತರುತ್ತಿದ್ದರು. ಹೂವಿನವಳು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನು, ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತ ಆಟೋದವರು, ಛತ್ರದ ಅಡುಗೆಯವರು. ಎಲ್ಲರಿಗೂ ಒಂದು ಕಾಫಿ, ಒಂದು ಕುರ್ಚಿ. ನಾಟಕ ಶುರುವಾದ ಮೇಲೆ ಅವರು ನಟರನ್ನು ನೋಡುತ್ತಿರಲಿಲ್ಲ, ಬಂದವರ ಮುಖವನ್ನೂ ನೋಡುತ್ತಿರಲಿಲ್ಲ. ಮುಖ ಮರ್ಯಾದೆಗೆ ಸುಳ್ಳು ಹೇಳುತ್ತದೆ, ಕಾಲಿಗೆ ಆ ಮರ್ಯಾದೆ ಗೊತ್ತಿಲ್ಲ ಎಂಬುದು ಅವರ ಲೆಕ್ಕ. ಪಾದ ಎಲ್ಲಿ ಅಲ್ಲಾಡಿತು, ಚಪ್ಪಲಿ ಎಲ್ಲಿ ಹುಡುಕಿತು ಎಂದು ಪುಸ್ತಕದ ಅಂಚಿನಲ್ಲಿ ಗೀಟು ಹಾಕಿಕೊಳ್ಳುವುದು, ಮರುದಿನ ಆ ಗೀಟಿನ ಜಾಗವನ್ನು ಬಿಚ್ಚಿ ಮತ್ತೆ ಕಟ್ಟುವುದು. ಮಾತನ್ನು ಮಾತ್ರ ಬದಲಾಯಿಸುತ್ತಿರಲಿಲ್ಲ. ಆಡುವ ಬಗೆಯನ್ನು, ನಿಲ್ಲುವ ಜಾಗವನ್ನು, ಉಸಿರನ್ನು ಬದಲಾಯಿಸುತ್ತಿದ್ದರು.

ಈ ಸಲದ ನಾಟಕ 'ಮಂದಾರಿಕಾ ವಿಯೋಗ'. ನೂರು ವರ್ಷದ ಹಿಂದೆ ಯಲಹಂಕದ ಕಡೆಯ ಒಬ್ಬ ಪಂಡಿತರು ಸಂಸ್ಕೃತ ನಾಟಕಗಳ ಮಾದರಿಯಲ್ಲಿ ಬರೆದದ್ದು. ಚಾಡಿಮಾತು ಕೇಳಿ ರಾಜ ತನ್ನ ರಾಣಿಯನ್ನು ಕಾಡಿಗೆ ಅಟ್ಟುತ್ತಾನೆ. ಅವಳು ಮಂದಾರಿಕೆ ಎಂಬ ಹೆಸರಿನ ದಾಸಿಯಾಗಿ ಅದೇ ಅರಮನೆಗೆ ಮರಳಿ, ತನ್ನ ಮಗಳನ್ನೇ ಎತ್ತಿ ಆಡಿಸಿ, ಹನ್ನೆರಡು ವರ್ಷ ಯಾರಿಗೂ ತಿಳಿಯದಂತೆ ಇರುತ್ತಾಳೆ. ಮಗಳ ಮದುವೆ ಮುಗಿದ ದಿನ ರಾಜನಿಗೆ ಕೈಮುಗಿದು ಹೊರಟು ನಿಲ್ಲುತ್ತಾಳೆ. ಅಲ್ಲಿ ರಾಜನಿಗೆ ಅವಳ ಗುರುತು ಸಿಗುತ್ತದೆ.

ಪುಸ್ತಕವನ್ನು ಅಚ್ಚು ಹಾಕಿಸಿದವರು ಪಂಡಿತರ ಮೊಮ್ಮಗ ಚನ್ನಕೇಶವಯ್ಯ. ಎಪ್ಪತ್ತೆಂಟರ ನಿವೃತ್ತ ಕನ್ನಡ ಮೇಷ್ಟ್ರು, ಸಹಕಾರನಗರದಲ್ಲಿ ವಾಸ. ನಾಟಕವಾಡಲು ಅಪ್ಪಣೆ ಕೊಡುವಾಗ ಅವರು ಒಂದೇ ಷರತ್ತು ಹಾಕಿದ್ದರು.

"ನಮ್ಮ ತಾತ ಬರೆದದ್ದರಲ್ಲಿ ಒಂದಕ್ಷರ ಆಚೆ ಈಚೆ ಆಗಬಾರದು. ಮೊದಲನೇ ಪ್ರದರ್ಶನಕ್ಕೆ ಬರ್ತೀನಿ. ಸರಿ ಇದ್ರೆ ಊರೂರಿಗೆ ಆಡಿ. ಇಲ್ಲಾಂದ್ರೆ ಅಲ್ಲಿಗೆ ಮುಗೀತು."

"ನನ್ನ ಉಚ್ಚಾರಣೆ ನಿಮಗೆ ಗೊತ್ತಲ್ಲ ಸಾರ್" ಎಂದಿದ್ದರು ಮುನಿನಾರಾಯಣಪ್ಪನವರು. ಅದು ಜಂಬವೇ. ಆದರೆ ಹುಸಿ ಜಂಬವಲ್ಲ. ಅವರ ತಂಡದವರ ಕನ್ನಡವನ್ನು ಕೇಳಲೆಂದೇ ಬರುವವರಿದ್ದರು.

ಎಲ್ಲ ಸರಿಯಿತ್ತು, ಕೊನೆಯ ಪುಟ ಒಂದನ್ನು ಬಿಟ್ಟು. ಅಲ್ಲಿ ದಾಸಿ, "ಹೋಗಿ ಬರುವೆ ಮಹಾಪ್ರಭು, ಹರಸಿ" ಎನ್ನುತ್ತಾಳೆ. ರಾಜ ಬೆಚ್ಚಿ, "ಏನೆಂದೆ? ಇನ್ನೊಮ್ಮೆ ನುಡಿ" ಎನ್ನುತ್ತಾನೆ. "ಹರಸಿ ಎಂದೆ" ಎನ್ನುತ್ತಾಳೆ ಅವಳು. ಅಷ್ಟಕ್ಕೇ ರಾಜ, "ಅಯ್ಯೋ, ಹನ್ನೆರಡು ವರ್ಷ ನನ್ನ ಕಿವಿ ಎಲ್ಲಿತ್ತು!" ಎಂದು ಅವಳ ಮುಂದೆ ಕುಸಿಯುತ್ತಾನೆ. ಯಾಕೆ ಕುಸಿಯುತ್ತಾನೆ? ಹೊರಟವರು ಯಾರಾದರೂ ಆಶೀರ್ವಾದ ಕೇಳುವುದು ಇದ್ದದ್ದೇ, ಅದರಲ್ಲಿ ಬೆಚ್ಚುವಂಥದ್ದೇನು? ಹಿಂದೆ ಇದನ್ನು ಆಡಿದವರು ಆ ಜಾಗದಲ್ಲಿ ಹಾರ್ಮೋನಿಯಂ ಜೋರು ಮಾಡಿ ತಪ್ಪಿಸಿಕೊಂಡಿದ್ದರಂತೆ. ಮುನಿನಾರಾಯಣಪ್ಪನವರು ಬೆಳಕು ಬದಲಾಯಿಸಿ ನೋಡಿದರು, ಮೌನ ಉದ್ದ ಮಾಡಿ ನೋಡಿದರು. ಏನೇ ಮಾಡಿದರೂ ಆ ಜಾಗಕ್ಕೆ ಬಂದಾಗ ಹೂವಿನವಳ ಕಾಲು ಚಪ್ಪಲಿ ಹುಡುಕುತ್ತಿತ್ತು. ಎರಡು ಗಂಟೆ ಕೂತ ಜನ ಕೊನೆಯ ಎರಡು ನಿಮಿಷದಲ್ಲಿ ಎದ್ದುಹೋಗುವ ನಾಟಕವನ್ನು ಹೊತ್ತುಕೊಂಡು ಯಾವ ಊರಿಗೆ ಹೋಗುವುದು?

ದಾಸಿಯ ಪಾತ್ರ ಸುಬ್ಬಮ್ಮನದು. ಹೆಸರಘಟ್ಟದ ಹತ್ತಿರದ ಹಳ್ಳಿಯವಳು, ಬಸ್ ಕಂಡಕ್ಟರ್. ಹದಿನೈದು ವರ್ಷ ತುಂಬಿದ ಬಸ್ಸಿನಲ್ಲಿ ಕೂಗಿ ಪಳಗಿದ ಗಂಟಲು, ಮೈಕಿಲ್ಲದೆ ಹಿಂದಿನ ಸಾಲಿಗೆ ಮುಟ್ಟುವಂಥದ್ದು. ತೊಂದರೆ ಒಂದೇ. ಅವಳ ಸೀಮೆಯವರಿಗೆಲ್ಲ ಇದ್ದಂತೆ ಅವಳಿಗೂ ಹಕಾರ ಬರುತ್ತಿರಲಿಲ್ಲ. ಹಾಲು ಆಲಾಗುತ್ತಿತ್ತು, ಹೆಸರು ಎಸ್ರಾಗುತ್ತಿತ್ತು. ಮುನಿನಾರಾಯಣಪ್ಪನವರು ಅವಳ ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ, ಹಕಾರ ಬಂದಾಗಲೆಲ್ಲ ಬಿಸಿಯುಸಿರು ಅಂಗೈಗೆ ತಾಗಬೇಕು ಎಂದು ಎರಡು ತಿಂಗಳು ಉಜ್ಜಿದ್ದರು. ಅವಳು ಬಸ್ಸಿನಲ್ಲೂ ಅಂಗೈ ಹಿಡಿದುಕೊಂಡು ಅಭ್ಯಾಸ ಮಾಡಿ, ಪ್ರಯಾಣಿಕರು ಹಲ್ಲುನೋವೇ ಎಂದು ಕೇಳುವಂತಾಗಿತ್ತು.

ಆ ಶನಿವಾರ ಕುರ್ಚಿಗಳ ತುಂಬ ಜನ ಇದ್ದರು. ಕೊನೆಯ ದೃಶ್ಯ. ಸುಬ್ಬಮ್ಮ ಕೈಮುಗಿದು, ಗಂಟಲು ಸರಿಮಾಡಿಕೊಂಡು, ಎಲ್ಲಿ ತಪ್ಪಿಬಿಡುತ್ತೇನೋ ಎಂಬ ಭಯದಲ್ಲಿ ಇದ್ದಬದ್ದ ಹಕಾರವನ್ನೆಲ್ಲ ಒಟ್ಟಿಗೆ ಎಸೆದಳು.

"ಹರಸರೇ, ಹೊಪ್ಪಣೆ ಕೊಡಿ! ಓಗಿ ಬರುವೆ, ಅರಸಿ!"

ಅರಸ ಹರಸನಾಗಿದ್ದ, ಅಪ್ಪಣೆ ಹೊಪ್ಪಣೆಯಾಗಿತ್ತು, ಬೇಕಾದ ಕಡೆಯ ಹಕಾರ ಮಾತ್ರ ಮಾಯವಾಗಿತ್ತು. ಪುಸ್ತಕದಲ್ಲಿ ಇಲ್ಲದ ಅರಸನನ್ನು ಕರೆದದ್ದು, ಇಲ್ಲದ ಅಪ್ಪಣೆ ಕೇಳಿದ್ದು ಬೇರೆ. ಆಟೋದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಟರೂ ನಕ್ಕರು. ಮುನಿನಾರಾಯಣಪ್ಪನವರು ನಗಲಿಲ್ಲ, ಸಿಟ್ಟಿನಲ್ಲಿ ಪುಸ್ತಕವನ್ನು ಟೇಬಲ್ಲಿಗೆ ಕುಕ್ಕಿದರು.

"ಎರಡು ತಿಂಗಳು! ಒಂದಕ್ಷರ ಹೇಳಿಕೊಡಕ್ಕೆ ಎರಡು ತಿಂಗಳು!"

ಸುಬ್ಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ ಕೈಲಿ ಆಗಲ್ಲ ಮೇಷ್ಟ್ರೇ. ಬೇರೆಯೋರ್ನ ನೋಡ್ಕಳಿ" ಎಂದವಳು ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು.

ರಾಜನ ಪಾತ್ರದ ತಾಜುದ್ದೀನ್ ಕಿರೀಟ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಆರ್.ಟಿ. ನಗರದಲ್ಲಿ ಅವನದೊಂದು ಕನ್ನಡಕದ ಅಂಗಡಿ. "ಒಂದ್ ಮಾತು ಹೇಳ್ಲಾ ಸಾರ್? ಮನೇಲಿ ದಖ್ನಿ ಉರ್ದು ಮಾತಾಡೋ ನಾನು ಇಲ್ಲಿ ರಾಜನ ಕನ್ನಡ ಮಾತಾಡ್ತೀನಿ. ಕನ್ನಡ ಬಿಟ್ರೆ ಬೇರೆ ಗೊತ್ತಿಲ್ದೇ ಇರೋ ಆಯಮ್ಮಂಗೆ ಕನ್ನಡ ಬರಲ್ಲ ಅಂತ ನಗ್ತೀವಿ. ನನ್ನ ನೋಡಿ ಯಾರೂ ನಗ್ಲಿಲ್ವಲ್ಲ."

ಮುನಿನಾರಾಯಣಪ್ಪನವರು ಕುಕ್ಕಿದ ಪುಸ್ತಕವನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡರು. ಅವರಿಗೆ ಸಿಟ್ಟು ಬಂದಿದ್ದದ್ದು ಸುಬ್ಬಮ್ಮನ ಮೇಲಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಕಾಲೇಜಿನ ನಾಟಕದಲ್ಲಿ ಅವರಿಗೆ ರಾಜನ ಪಾತ್ರ ಸಿಕ್ಕಿತ್ತು. ಕೋಗಿಲಿನ ಅವರ ನಾಲಗೆ ಅಲ್ಲಿ ಇದೇ ರೀತಿ ಎಡವಿತ್ತು. "ನಾನು ಈ ನಾಡಿನ ಹರಸು" ಎಂದಿದ್ದರು. ಸಭಾಂಗಣವೆಲ್ಲ ಕೇಕೆ ಹಾಕಿತ್ತು, ಪಾತ್ರ ಮರುದಿನವೇ ಬೇರೆಯವರ ಪಾಲಾಗಿತ್ತು. ಅಂಗೈ ಹಿಡಿಯುವ ಉಪಾಯ ಅವರು ಕಂಡುಕೊಂಡದ್ದು ಆಮೇಲೆ, ಬಾಗಿಲು ಹಾಕಿಕೊಂಡು, ಅವ್ವನಿಗೂ ಕೇಳಿಸದಂತೆ. ಆವತ್ತಿನಿಂದ ನಲವತ್ತೆರಡು ವರ್ಷ ಅವರ ಬಾಯಿಂದ ಒಂದು ಹಕಾರವೂ ತಪ್ಪಿರಲಿಲ್ಲ. ಈ ಕಥೆ ಅವರ ತಂಡದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅವರು ಯಲಹಂಕದಲ್ಲಿ ಹೆಸರಘಟ್ಟದ ಬಸ್ಸು ಹತ್ತಿದರು. ಸುಬ್ಬಮ್ಮ ಖಾಕಿಯಲ್ಲಿ, ಜನರ ನಡುವೆ ದಾರಿ ಮಾಡಿಕೊಳ್ಳುತ್ತಾ, ಗದರುತ್ತಾ, ನಗಿಸುತ್ತಾ ಬರುತ್ತಿದ್ದಳು. "ಒಳೀಕ್ ಓಗ್ರೀ, ಬಾಗ್ಲಲ್ಲಿ ಏನೈತೆ? ಅಣ್ಣ, ಆ ಎಂಗಸ್ರಿಗೆ ಸೀಟ್ ಬಿಡಣ್ಣ." ಐವತ್ತು ಜನ ಅವಳ ಒಂದು ಮಾತಿಗೆ ಸರಿದು ನಿಂತರು. ಮುನಿನಾರಾಯಣಪ್ಪನವರಿಗೆ ಒಳಗೊಳಗೇ ನಾಚಿಕೆಯಾಯಿತು. ಇಷ್ಟು ಅಧಿಕಾರದ ಬಾಯಿಯನ್ನು ಎರಡು ತಿಂಗಳಲ್ಲಿ ತೊದಲುವಂತೆ ಮಾಡಿದ್ದು ತಾವೇ.

ಅವರನ್ನು ಕಂಡು ಅವಳು ಮುಖ ಬಿಗಿ ಮಾಡಿಕೊಂಡು ಟಿಕೆಟ್ ಹರಿದಳು. ಬಸ್ಸು ಖಾಲಿಯಾಗುತ್ತಾ ಬಂದ ಮೇಲೆ ಪಕ್ಕದ ಸೀಟಿನಲ್ಲಿ ಕೂತಳು.

"ವಾಪಸ್ ಬಾಮ್ಮ" ಎಂದರು ಅವರು.

"ಬಂದು ಏನ್ ಮಾಡ್ಲಿ ಮೇಷ್ಟ್ರೇ? ನನ್ ಬಾಯಲ್ಲಿ ಬರೋದೇ ಇಷ್ಟು. ಓಗಿ ಬತ್ತೀನಿ, ಅರಸಿ. ನಮ್ಮೂರಲ್ಲಿ ಇಂಗಂದ್ರೆ ಎಲ್ಲಾರ್ಗೂ ತಿಳೀತದೆ. ಆ ನಿಮ್ ರಾಜಂಗೆ ತಿಳೀಲಿಲ್ಲ ಅಂದ್ರೆ ಅವನ್ ಕಿವಿ ಎಲ್ಲಿಟ್ಟಿದ್ನಂತೆ?"

ಮುನಿನಾರಾಯಣಪ್ಪನವರು ಅವಳನ್ನೇ ನೋಡಿದರು. ಆಮೇಲೆ ಕೈಚೀಲದಿಂದ ಪುಸ್ತಕ ತೆಗೆದು ಕೊನೆಯ ಪುಟ ತಿರುವಿದರು.

"ಇನ್ನೊಂದ್ಸಲ ಹೇಳಮ್ಮ."

"ಏನು? ಅರಸಿ ಅಂದೆ."

ಅರಸಿ ಎಂದೆ! ದಾಸಿ ಆಶೀರ್ವಾದ ಕೇಳುತ್ತಿದ್ದಾಳೆ, ಅವಳ ಊರಿನ ಬಾಯಲ್ಲಿ. ರಾಜನ ಕಿವಿಗೆ ಬೀಳುವುದು ಮಾತ್ರ ರಾಣಿ ಎಂಬ ಪದ. ಇನ್ನೊಮ್ಮೆ ನುಡಿ ಎಂದರೆ, ಅವಳು ಇನ್ನೊಮ್ಮೆ ಅದನ್ನೇ ನುಡಿಯುತ್ತಾಳೆ: ಅರಸಿ ಎಂದೆ. ಹುಡುಕಿ ಎಂದೂ ಅದಕ್ಕೆ ಅರ್ಥವಿದೆ, ಅರಸಬೇಕಾದವನು ಹನ್ನೆರಡು ವರ್ಷ ಅರಸದೆ ಕೂತಿದ್ದಾನೆ. ಇದಕ್ಕಲ್ಲವೇ ಅವನು ಬೆಚ್ಚುವುದು, ಇದಕ್ಕಲ್ಲವೇ ಕಿವಿ ಎಲ್ಲಿತ್ತು ಎಂದು ಕುಸಿಯುವುದು! ಹಳೆಯ ಸಂಸ್ಕೃತ ನಾಟಕಗಳಲ್ಲಿ ರಾಜನದು ಸಂಸ್ಕೃತ, ಹೆಂಗಸರದು, ಆಳುಕಾಳುಗಳದು ಪ್ರಾಕೃತ ಎಂದು ಅವರೇ ಎಷ್ಟು ಸಲ ಹುಡುಗರಿಗೆ ಪಾಠ ಮಾಡಿದ್ದರು. ಹಾಗಾದರೆ ಈ ಸೀಮೆಯ ಪ್ರಾಕೃತ ಯಾವುದು? ಅದು ಖಾಕಿ ಹಾಕಿಕೊಂಡು ಪಕ್ಕದಲ್ಲೇ ಕೂತಿತ್ತು.

ಅವರಿಗೆ ನಗು ಬಂತು, ಅಳುವೂ ಬಂತು. ಸುಬ್ಬಮ್ಮ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟಳು.

ಮರುದಿನದಿಂದ ದಾಸಿಯ ಮಾತಿನ ಹಕಾರಗಳೆಲ್ಲ ಹೋದವು. ಪುಸ್ತಕದ ಸಾಲುಗಳು ಹಾಗೇ ಉಳಿದವು, ಬಾಯಿ ಮಾತ್ರ ಸುಬ್ಬಮ್ಮನದೇ ಆಯಿತು. ಅವಳು ಅಂಗೈ ಹಿಡಿಯುವುದನ್ನು ಬಿಟ್ಟಳು. ಬಿಟ್ಟ ತಕ್ಷಣ ಅವಳ ಕೈಗಳಿಗೂ ನಟನೆ ಬಂತು.

ಚನ್ನಕೇಶವಯ್ಯನವರಿಗೆ ಮುಚ್ಚಿಡುವುದು ಬೇಡವೆಂದು ಮುನಿನಾರಾಯಣಪ್ಪನವರು ಅವರನ್ನು ಪ್ರದರ್ಶನದ ಹಿಂದಿನ ದಿನದ ತಾಲೀಮಿಗೇ ಕರೆದರು. ಅವರು ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಸುಬ್ಬಮ್ಮನ ಮೊದಲನೇ ಮಾತೇ, "ಊವು ತಂದೆ ಮಾಪ್ರಭು" ಎಂದು. ಪುಸ್ತಕದಲ್ಲಿ ಹೂವಿತ್ತು. ಐದನೇ ಮಾತಿಗೆ ಅವರು ಕೋಲು ಊರಿಕೊಂಡು ಎದ್ದೇಬಿಟ್ಟರು.

"ಕೊನೇ ಅಂಕದ ತನಕ ಕೂತ್ಕೊಳಿ ಸಾರ್. ಅಲ್ಲಿದೆ ಉತ್ತರ" ಎಂದು ಮುನಿನಾರಾಯಣಪ್ಪನವರು ಅಡ್ಡ ನಿಂತರು.

"ಇಷ್ಟು ಕೇಳಿದ್ದು ಸಾಕು. ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರಲಿಲ್ಲ. ನಾಳೆ ಬರ್ತೀನಿ. ನಾಳೇನೂ ಹೀಗೇ ಇದ್ರೆ ಅದೇ ಮೊದಲು, ಅದೇ ಕೊನೆ."

ಅವರು ಹೋದ ಮೇಲೆ ಸುಬ್ಬಮ್ಮ ಅಂಗೈಯನ್ನು ಮತ್ತೆ ಬಾಯಿಯ ಹತ್ತಿರ ತಂದುಕೊಂಡಿದ್ದಳು. ಮುನಿನಾರಾಯಣಪ್ಪನವರು ಹೋಗಿ ಆ ಕೈಯನ್ನು ಕೆಳಗಿಳಿಸಿದರು.

"ಇದು ಕೊನೇದಾದ್ರೂ ಪರವಾಗಿಲ್ಲ. ಒಂದ್ಸಲ ಸರಿಯಾಗಿ ಆಡೋಣ" ಎಂದರು. ಇಡೀ ವರ್ಷದ ದುಡಿಮೆ ಒಂದು ಸಂಜೆಗೆ ಮುಗಿದುಹೋಗಬಹುದೆಂದು ಅವರಿಗೆ ಗೊತ್ತಿತ್ತು.

ಯಲಹಂಕ ಉಪನಗರದ ಸಭಾಭವನ ಭಾನುವಾರ ಸಂಜೆ ತುಂಬಿತ್ತು. ಎಂದಿನ ಶುದ್ಧ ಕನ್ನಡದ ಅಭಿಮಾನಿಗಳು ಮುಂದಿನ ಸಾಲುಗಳಲ್ಲಿ. ಹಿಂದೆ ಸುಬ್ಬಮ್ಮನ ಬಸ್ಸಿನ ಪ್ರಯಾಣಿಕರು, ಡಿಪೋದವರು, ಕೋಗಿಲು, ಹೆಸರಘಟ್ಟದ ಜನ. ಮುನಿನಾರಾಯಣಪ್ಪನವರು ವೇದಿಕೆಯ ಪಕ್ಕದ ಪರದೆಯ ಸಂದಿಯಲ್ಲಿ, ಸಭಿಕರ ಕಾಲು ಕಾಣುವ ಜಾಗದಲ್ಲಿ ನಿಂತರು.

"ಊವು ತಂದೆ" ಎಂದಾಗ ಸಭೆ ನಕ್ಕಿತು. ನಗದೆ ಏನು ಮಾಡುತ್ತದೆ? ಹಳ್ಳಿಯ ಬಾಯಿ ರಂಗದ ಮೇಲೆ ಬಂದರೆ ಅದು ನಗಿಸಲಿಕ್ಕೇ ಎಂದು ಎಲ್ಲರಿಗೂ ರೂಢಿಯಾಗಿತ್ತು. ಎರಡನೇ ಅಂಕದಲ್ಲಿ, ತನ್ನದೇ ಮಗಳು ತನ್ನನ್ನು ಏಯ್ ಎಂದು ಕರೆದಾಗ ಮಂದಾರಿಕೆ, "ಊಂ ತಾಯಿ, ಬಂದೆ ತಾಯಿ" ಎಂದು ಓಡಿದಳು. ಆಗ ನಗು ಅರ್ಧಕ್ಕೇ ನಿಂತಿತು. ಹಿಂದಿನ ಸಾಲುಗಳಲ್ಲಿ ಯಾರೋ ಮೂಗು ಒರೆಸಿಕೊಂಡರು. ಅವರ ಮನೆಯ ಮಾತು ಮೊದಲ ಬಾರಿಗೆ ಕೋಡಂಗಿಯ ಬಾಯಿಂದಲ್ಲದೆ ಬರುತ್ತಿತ್ತು.

ಕೊನೆಯ ದೃಶ್ಯ ಬಂತು. ತಾಜುದ್ದೀನ್ ಸಿಂಹಾಸನದಲ್ಲಿ, ಸುಬ್ಬಮ್ಮ ಗಂಟು ಹೊತ್ತು ಮೆಟ್ಟಿಲ ಕೆಳಗೆ.

"ಓಗಿ ಬರುವೆ ಮಾಪ್ರಭು. ಅರಸಿ."

ತಾಜುದ್ದೀನ್ ನಿಧಾನವಾಗಿ ತಲೆ ಎತ್ತಿದ. "ಏನೆಂದೆ? ಇನ್ನೊಮ್ಮೆ ನುಡಿ."

ಸುಬ್ಬಮ್ಮ ಅವನ ಕಣ್ಣಲ್ಲಿ ಕಣ್ಣಿಟ್ಟಳು. "ಅರಸಿ ಎಂದೆ."

ಮುನ್ನೂರು ಜನರಿಗೆ ಅದು ಒಟ್ಟಿಗೇ ಹೊಳೆಯಿತು. ಉಸಿರೆಳೆದುಕೊಂಡ ಸದ್ದು ಪರದೆಯ ಹಿಂದಕ್ಕೂ ಕೇಳಿತು. ರಾಜ ಕಿವಿ ಎಲ್ಲಿತ್ತು ಎಂದು ಮೆಟ್ಟಿಲಿನ ಮೇಲೆ ಕುಸಿದು ಬಿದ್ದಾಗ ಮುನಿನಾರಾಯಣಪ್ಪನವರು ಸಾಲುಸಾಲಾಗಿ ಪಾದಗಳನ್ನು ನೋಡಿದರು. ಒಂದೂ ಅಲುಗಲಿಲ್ಲ. ಅವರ ಕಣ್ಣು ಮಂಜಾಯಿತು. ಇಂಥದ್ದೊಂದನ್ನು ಮಾಡಿದೆನಲ್ಲ ಎಂಬ ಹೆಮ್ಮೆಯನ್ನು ಅವರು ಆ ಕ್ಷಣ ಯಾವ ಸಂಕೋಚವೂ ಇಲ್ಲದೆ ಅನುಭವಿಸಿದರು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಕೋಲಿನ ಸದ್ದು ಕೇಳಿ ತಿರುಗಿದರೆ ಚನ್ನಕೇಶವಯ್ಯನವರು ಪರದೆಯ ಪಕ್ಕಕ್ಕೇ ಬಂದಿದ್ದರು. ಮುಖ ಬಿಳುಚಿಕೊಂಡಿತ್ತು. ಮುನಿನಾರಾಯಣಪ್ಪನವರು ಬೈಗುಳಕ್ಕೆ ತಯಾರಾಗಿ ಕೈಕಟ್ಟಿ ನಿಂತರು.

"ತಾತನ ಕೈಬರಹದಲ್ಲಿ ಹಕಾರ ಇರ್ಲಿಲ್ಲ" ಎಂದರು ಚನ್ನಕೇಶವಯ್ಯ.

"ಸಾರ್?"

"ದಾಸಿ ಮಾತಲ್ಲಿ ಮಾತ್ರ. ಒಂದ್ ಕಡೇನೂ ಇರ್ಲಿಲ್ಲ. ವಯಸ್ಸಾಗಿತ್ತು, ಕೈತಪ್ಪಿ ಬಿಟ್ಟಿದ್ದಾರೆ ಅಂದ್ಕೊಂಡೆ. ಅಚ್ಚಿಗೆ ಕೊಡೋ ಮುಂಚೆ ನಾನೇ ಕೂತು ತಿದ್ದಿದೆ. ಐವತ್ತೆರಡು ಕಡೆ. ತಾತನ ಮಾನ ಉಳಿಸ್ದೆ ಅಂತ ಇಷ್ಟು ವರ್ಷ ಬೀಗ್ತಾ ಇದ್ದೆ ಕಣ್ರೀ." ಅವರ ಧ್ವನಿ ಒಡೆಯಿತು. "ಅವರ ನಾಟಕವನ್ನ ಕೊಂದೋನು ನಾನೇ. ಒಂದಕ್ಷರ ಮುಟ್ಟಬೇಡಿ ಅಂತ ನಿಮಗೆ ಹೇಳಿದೋನೂ ನಾನೇ."

ಮುನಿನಾರಾಯಣಪ್ಪನವರು ಕಟ್ಟಿದ ಕೈ ಬಿಚ್ಚಿದರು. ನೂರು ವರ್ಷದ ಹಿಂದೆ ಒಬ್ಬ ಪಂಡಿತ ತಮ್ಮೂರಿನ ಹೆಂಗಸರ ಮಾತನ್ನು ಕಿವಿಗೊಟ್ಟು ಕೇಳಿ, ರಾಣಿಗೆ ಯೋಗ್ಯ ಎಂದು ಹಾಗೇ ಬರೆದಿಟ್ಟಿದ್ದ.

"ಎಲ್ಲಾ ಊರಲ್ಲೂ ಆಡಿ" ಎಂದರು ಚನ್ನಕೇಶವಯ್ಯ. "ನಾನು ಅಚ್ಚನ್ನ ಸರಿ ಮಾಡಿಸ್ತೀನಿ."

ಅಷ್ಟರಲ್ಲಿ ತಾಜುದ್ದೀನ್ ಬಂದು ನಿರ್ದೇಶಕರ ಕೈಹಿಡಿದು ರಂಗದ ಮೇಲಕ್ಕೆ ಎಳೆದುಕೊಂಡು ಹೋದ. ಯಾರೋ ಮೈಕು ಕೊಟ್ಟರು. ಪ್ರತಿ ಸಲ ಈ ಹೊತ್ತಿಗೆ ಅವರು ಆಡುವ ಮಾತು ಮೊದಲೇ ಬರೆದು ಬಾಯಿಪಾಠ ಮಾಡಿದ್ದಾಗಿರುತ್ತಿತ್ತು, ಪ್ರತಿ ಹಕಾರವೂ ಅಳೆದು ಇಟ್ಟದ್ದು. ಮುಂದಿನ ಸಾಲಿನವರು ಅದನ್ನು ಕೇಳಲು ಮುಖವೆತ್ತಿ ಕೂತಿದ್ದರು. ಮುನಿನಾರಾಯಣಪ್ಪನವರು ಸುಬ್ಬಮ್ಮನ ಕಡೆ ಒಮ್ಮೆ ನೋಡಿದರು, ಮೈಕನ್ನು ಬಾಯಿಗೆ ಹಿಡಿದರು.

"ಎಲ್ಲಾರ್ಗೂ ನಮಸ್ಕಾರ. ನನ್ ಎಸ್ರು ಮುನಿನಾರಾಯಣಪ್ಪ. ನಾನು ಕೋಗಿಲಿನ ಉಡುಗ. ನಮ್ಮವ್ವನೂ ಇಂಗೇ ಮಾತಾಡ್ತಿದ್ಲು."